ಬರಿಮೈ ಕೊಳವೆಗಳೂ ನಮ್ಮ ಹೋರಾಟವೂ

ಕಳೆದ ಸಭೆಯಲ್ಲಿ ಬಿಸಿನೀರಿನ ಕೊಳವೆಗಳಿಗೆ ಹೊದಿಕೆ ಹಾಕುವ ವಿಷಯವನ್ನು ನಾನು ಎತ್ತಿದಾಗ ಸಭೆ ನಕ್ಕಿತು. ಹಿರಿಯರೊಬ್ಬರು ಎದ್ದು ನಿಂತು, "1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರ ಅಪ್ಪಿಕೊಂಡ ಚಳವಳಿಯ ವಾರಸುದಾರರು ನಾವು. ಈಗ ಪೈಪು ಅಪ್ಪಿಕೊಳ್ಳಬೇಕೇನೋ ಮಾರಾಯ?" ಎಂದರು. ನಾನೂ ನಕ್ಕೆ. ಅವರ ಮೇಲೆ ನನಗಿರುವ ಗೌರವ ಈ ಬರಹದಿಂದ ಕಡಿಮೆಯಾಗುವಂಥದ್ದಲ್ಲ. ಆದರೆ ಮನೆಗೆ ಬಂದ ಮೇಲೆ ಆ ನಗು ಕಹಿಯಾಯಿತು. ಉತ್ತರ ಹೇಳದೆ ಬಂದೆನಲ್ಲ ಎನಿಸಿತು. ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇನ್ನೊಂದು ಸಭೆಯನ್ನು ನೆನಪಿಸಿಕೊಳ್ಳೋಣ. ಯಾವುದೇ ಜಲವಿದ್ಯುತ್ ಯೋಜನೆಯ ಅಹವಾಲು ಸಭೆಗೆ ಹೋದವರಿಗೆ ಇದು ಪರಿಚಿತ. ನಮ್ಮ ಕಡೆಯವರು ಕಾಡಿನ ಬಗ್ಗೆ, ಕಣಿವೆಯ ಬಗ್ಗೆ, ಸಿಂಗಳೀಕದ ಬಗ್ಗೆ ಮಾತಾಡುತ್ತಾರೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿದ ಮೇಲೆ ವೇದಿಕೆಯ ಮೇಲಿನಿಂದ ಒಂದೇ ಒಂದು ಪ್ರಶ್ನೆ ಬರುತ್ತದೆ: "ನಿಮ್ಮ ಮನೆಯಲ್ಲಿ ಗೀಸರ್ ಇಲ್ಲವೇ?" ಆಗ ನಮ್ಮವರ ಧ್ವನಿ ತಗ್ಗುತ್ತದೆ. ಏಕೆಂದರೆ ಇದೆ. ನನ್ನ ಮನೆಯಲ್ಲಿದೆ, ಈ ಪತ್ರಿಕೆ ಓದುವ ಅನೇಕರ ಮನೆಯಲ್ಲಿದೆ. ಬೆಂಗಳೂರಿನ ಮನೆಗಳಲ್ಲಂತೂ ಕೇಳಬೇಕಾಗಿಯೇ ಇಲ್ಲ.

ಆ ಪ್ರಶ್ನೆಗೆ ನಾಚಿ ತಲೆತಗ್ಗಿಸುವುದು ತಪ್ಪು. ಅದಕ್ಕೆ ಮರುಪ್ರಶ್ನೆ ಇದೆ. ಗೀಸರಿನಲ್ಲಿ ಕಾದ ನೀರಿನ ಬಿಸಿಯಲ್ಲಿ ಮೈಗೆ ತಲುಪಿದ್ದೆಷ್ಟು, ಗೋಡೆಗೆ ತಲುಪಿದ್ದೆಷ್ಟು? 'ಬೇಡಿಕೆ' ಎಂಬ ಪದವನ್ನು ಮುಂದಿಟ್ಟುಕೊಂಡು ನಮ್ಮ ಕಣಿವೆಗಳಿಗೆ ಬರುವವರು ಆ ಬೇಡಿಕೆಯನ್ನು ಅಳೆಯುವುದು ಮೀಟರಿನಲ್ಲಿ. ಸ್ನಾನ ಮಾಡುವವನ ಮೈ ಮೇಲೆ ಅಲ್ಲ. ಮೀಟರಿಗೂ ಮೈಗೂ ನಡುವೆ ಇರುವುದು ಕೊಳವೆ. ಆ ನಡುವಿನ ಸೋರಿಕೆಯ ಲೆಕ್ಕವನ್ನು ಯಾರೂ ಕೇಳಿಲ್ಲ. ನಾವೂ ಕೇಳಿಲ್ಲ.

ಈ ಬೇಡಿಕೆಗಾಗಿ ಘಟ್ಟ ಕೊಟ್ಟದ್ದು ಕಡಿಮೆಯೇನಲ್ಲ. ಜೋಗದ ಬುಡದಲ್ಲಿ 1948ರಲ್ಲಿ ಯಂತ್ರಗಳು ತಿರುಗಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು, ಗದ್ದೆ ತೋಟಗಳು ನೀರಿನಡಿ ಹೋದವು. ಮುಳುಗಡೆಯವರು ಭೂಮಿಯ ಹಕ್ಕಿಗಾಗಿ ದಶಕಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದರು. ಆ ನೀರಿನಿಂದ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಬಂತು. ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ, 240 ಮೆಗಾವ್ಯಾಟ್. ಇಷ್ಟೂ ಸಾಲದೆಂದು ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕ ಅಭಯಾರಣ್ಯದ ಒಡಲೊಳಗೆ, 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿದರು. ಕೆಳಗಿನ ನೀರನ್ನು ವಿದ್ಯುತ್ ಖರ್ಚು ಮಾಡಿ ಮೇಲಕ್ಕೆತ್ತುವುದು, ಬೇಡಿಕೆ ಏರಿದ ಗಳಿಗೆಯಲ್ಲಿ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವುದು. ಎತ್ತಲು ತಗಲುವುದಕ್ಕಿಂತ ಮರಳಿ ಸಿಗುವುದು ಕಡಿಮೆ. ಆ ನಷ್ಟವನ್ನು ಸಹಿಸಿಯೂ ಇದನ್ನು ಕಟ್ಟಬೇಕೆನ್ನುವುದಕ್ಕೆ ಕೊಡುವ ಕಾರಣವೇ 'ಗರಿಷ್ಠ ಬೇಡಿಕೆಯ ಹೊತ್ತು'. ಬೆಳಿಗ್ಗೆ ಆರರಿಂದ ಒಂಬತ್ತು ಅಂಥದೊಂದು ಹೊತ್ತು. ಆಗ ನಗರದ ಬಚ್ಚಲುಗಳಲ್ಲಿ ಏನು ನಡೆಯುತ್ತಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಕೊಳವೆಗೆ ಹೊದಿಕೆ ಸುತ್ತಿದರೆ ಅಣೆಕಟ್ಟು ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಹಾಗೆ ಹೇಳುವಷ್ಟು ಮುಗ್ಧನಲ್ಲ ನಾನು. ಆದರೆ ಸೋರುವ ಕೊಡವನ್ನು ಹಿಡಿದುಕೊಂಡು ಬಾವಿ ಸಾಲದು ಎನ್ನುವವರಿಗೆ ಇನ್ನೊಂದು ಬಾವಿ ತೋಡಿಕೊಡುವುದೇ ಅಭಿವೃದ್ಧಿ ಎಂದು ಒಪ್ಪಬೇಕಾದ ಹಂಗು ನಮಗಿಲ್ಲ.

ನಮ್ಮ ಹಿರಿಯರ ಬಚ್ಚಲಮನೆಯನ್ನು ನೋಡಿ. ಮಣ್ಣಿನ ಒಲೆಯ ಮೇಲೆ ಕೂರಿಸಿ ಕಟ್ಟಿದ ತಾಮ್ರದ ಹಂಡೆ. ಅಡಿಕೆ ಹಾಳೆ, ತೆಂಗಿನ ಮಡಲು, ಬಿದ್ದ ಕುಂಟೆಗಳ ಉರಿ. ಪಕ್ಕದಲ್ಲೇ ಸ್ನಾನದ ಕಲ್ಲು. ಹಂಡೆಯಿಂದ ತಂಬಿಗೆಗೆ, ತಂಬಿಗೆಯಿಂದ ಮೈಗೆ. ನಡುವೆ ಒಂದು ಮಾರಿನ ದೂರವೂ ಇಲ್ಲ. ಆ ಒಲೆಯ ಹೊಗೆಯಲ್ಲಿ ಕಣ್ಣು ಕಳೆದುಕೊಂಡ ಅಜ್ಜಿಯರನ್ನು ಕಂಡವನು ನಾನು, ಆದ್ದರಿಂದ ಹಳೆಯದನ್ನು ಹಾಡಿ ಹೊಗಳುವ ಚಪಲ ನನಗಿಲ್ಲ. ಸೌದೆಯ ಮುಕ್ಕಾಲುಪಾಲಿಗೂ ಹೆಚ್ಚು ಶಾಖ ಹೊಗೆಯ ಜೊತೆಗೇ ಹೋಗುತ್ತಿತ್ತು. ಆದರೆ ಕಾದ ನೀರು ದಾರಿಯಲ್ಲಿ ತಣಿಯುತ್ತಿರಲಿಲ್ಲ, ದಾರಿಯೇ ಇರಲಿಲ್ಲವಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯ 'ಅಸ್ತ್ರ' ತಂಡ 1974ರಿಂದ ಹಳ್ಳಿಗಳಿಗಾಗಿ ದುಡಿದು, ಒಲೆಯ ಹೊಗೆಯನ್ನೂ ಸೌದೆಯ ಹೊರೆಯನ್ನೂ ಇಳಿಸುವ ಉಪಾಯ ತೋರಿಸಿತು. ಒಲೆಯ ದೋಷ ತಿದ್ದಿದ ನಾವು ಹೊಸದೊಂದು ದೋಷವನ್ನು ಕಟ್ಟಿಕೊಂಡೆವು. ಬಾಯ್ಲರನ್ನು ಹಿತ್ತಿಲಿಗೆ ಹಾಕಿದೆವು, ಸೋಲಾರನ್ನು ಮಾಡಿನ ಮೇಲೇರಿಸಿದೆವು, ಬಚ್ಚಲನ್ನು ಮಲಗುವ ಕೋಣೆಯ ಪಕ್ಕಕ್ಕೆ ತಂದೆವು. ಹಣ ಕೊಟ್ಟು ದೂರವನ್ನು ಕೊಂಡೆವು.

ದೂರದ ಬೆಲೆ ಎಷ್ಟು? ಹೈಸ್ಕೂಲಿನ ಭೌತಶಾಸ್ತ್ರ ಸಾಕು, ವಿದ್ಯಾರ್ಥಿ ಮಿತ್ರರು ಕಾಗದ ತೆಗೆದುಕೊಂಡು ಲೆಕ್ಕ ಪರೀಕ್ಷಿಸಲಿ. ಮುಕ್ಕಾಲು ಇಂಚಿನ ಜಿಐ ಪೈಪಿನಲ್ಲಿ ಒಂದು ಮೀಟರಿಗೆ ಸುಮಾರು 360 ಮಿಲಿಲೀಟರ್ ನೀರು ನಿಲ್ಲುತ್ತದೆ. ಟ್ಯಾಂಕಿನಿಂದ ನಲ್ಲಿಗೆ 15 ಮೀಟರ್ ಇದ್ದರೆ ಸುಮಾರು ಐದೂವರೆ ಲೀಟರ್. ನಲ್ಲಿ ನಿಲ್ಲಿಸಿದೊಡನೆ 55 ಡಿಗ್ರಿಯ ಆ ನೀರು ಕೊಳವೆಯಲ್ಲೇ ಉಳಿದು, ಮಲೆನಾಡಿನ ಚಳಿಗಾಲದ ಬೆಳಗಿನ 20 ಡಿಗ್ರಿಗೆ ಇಳಿಯುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ತಣಿದರೆ ಒಂದು ಕಿಲೋಕ್ಯಾಲರಿ ಹೋಯಿತು. ಹಾಗಾದರೆ ಒಂದು ಸಲಕ್ಕೆ 190 ಕಿಲೋಕ್ಯಾಲರಿ. ದಿನಕ್ಕೆ ಮೂರು ಸಲ ಹೀಗಾದರೆ 570. ವಿದ್ಯುತ್ತಿನ ಒಂದು ಯುನಿಟ್ ಎಂದರೆ 860 ಕಿಲೋಕ್ಯಾಲರಿ; ದಿನಕ್ಕೆ ಯುನಿಟ್ಟಿನ ಮೂರನೆಯ ಎರಡು ಪಾಲು, ವರ್ಷಕ್ಕೆ 240 ಯುನಿಟ್. ಕೊಳವೆಯ ಕಬ್ಬಿಣ ನುಂಗುವ ಶಾಖವನ್ನು ಇದರಲ್ಲಿ ಸೇರಿಸಿಲ್ಲ. ಸೌದೆಯ ಬಾಯ್ಲರಾದರೆ? ಒಣಗಿದ ಸೌದೆಯ ಒಂದು ಕಿಲೋಗೆ ಮೂರೂವರೆ ಸಾವಿರ ಕಿಲೋಕ್ಯಾಲರಿಗೂ ತುಸು ಹೆಚ್ಚು. ಅದರಲ್ಲಿ ನೀರಿಗೆ ಸೇರುವುದು ಆರನೆಯ ಒಂದು ಪಾಲು ಎಂದು ಇಟ್ಟುಕೊಂಡರೆ, ದಿನಕ್ಕೆ ಒಂದು ಕಿಲೋ ಸೌದೆ ಕೇವಲ ಕೊಳವೆಯನ್ನು ಬೆಚ್ಚಗಿಡಲು ಉರಿಯಿತು. ವರ್ಷಕ್ಕೆ ಮೂರೂವರೆ ಕ್ವಿಂಟಲ್. ಸೊಪ್ಪಿನಬೆಟ್ಟದಿಂದ ಅದನ್ನು ತಲೆಹೊರೆಯಲ್ಲಿ ತಂದವರು ಯಾರು ಎಂಬುದನ್ನು ಗಂಡಸರೆಲ್ಲ ಒಮ್ಮೆ ಯೋಚಿಸಬೇಕು.

ನನ್ನ ಮನೆಯ ಕಥೆಯನ್ನೂ ಮುಚ್ಚಿಡುವುದಿಲ್ಲ. ಹಿತ್ತಿಲ ಬಾಯ್ಲರಿನಿಂದ ಹೊಸ ಬಚ್ಚಲಿಗೆ 17 ಮೀಟರ್ ಪೈಪು, ಅರ್ಧ ಜಗಲಿಯ ಹೊರಗೋಡೆಯ ಮೇಲೆ, ಬರಿಮೈ. ಅಮ್ಮ ದಿನಾ ಬೆಳಿಗ್ಗೆ ನಲ್ಲಿ ತಿರುಗಿಸಿ ಮೊದಲು ಬರುವ ತಣ್ಣೀರನ್ನು ಬಕೆಟ್ಟಿಗೆ ಹಿಡಿದು ಬಸಳೆ ಚಪ್ಪರದ ಬುಡಕ್ಕೆ ಹಾಕುತ್ತಿದ್ದಳು. ನೀರನ್ನು ಪೋಲು ಮಾಡುತ್ತಿಲ್ಲವಲ್ಲ ಎಂದು ನನಗೆ ಹೆಮ್ಮೆಯಿತ್ತು. ಒಂದು ದಿನ ಅವಳೇ ಕೇಳಿದಳು: "ಈ ನೀರನ್ನು ನಿನ್ನೆ ಕಾಯಿಸಿದ್ದಲ್ಲವೇನೋ?" ಹೌದು, ನಿನ್ನೆ ಕಾಯಿಸಿದ್ದೇ. ಬಸಳೆಗೆ ಬಿಸಿ ಮಾಡಿ ಆರಿಸಿದ ನೀರು. ಆಸ್ಪತ್ರೆಯಲ್ಲಿ ರೋಗಿಗಳಿಗೂ ಇಷ್ಟು ಉಪಚಾರವಿಲ್ಲ. ನೀರಿನ ಮಿತವ್ಯಯದ ಬಗ್ಗೆ ಹತ್ತು ವರ್ಷ ಭಾಷಣ ಮಾಡಿದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು.

ಹೊದಿಕೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅತಿಯಾಗಿ ಹೇಳಿ ಮಾರುವವರು ಈಗಾಗಲೇ ಸಾಕಷ್ಟಿದ್ದಾರೆ. ಹೊದಿಕೆ ತಣಿಯುವುದನ್ನು ತಡೆಯದು, ತಡ ಮಾಡುತ್ತದೆ. ಬರಿಮೈ ಪೈಪಿನ ನೀರು ಗಾಳಿಗಿಂತ ಎಷ್ಟು ಬಿಸಿಯಿತ್ತೋ ಅದರ ಅರ್ಧವನ್ನು ಸುಮಾರು ಅರ್ಧ ಗಂಟೆಯಲ್ಲಿ ಕಳೆದುಕೊಳ್ಳುತ್ತದೆ, ಗಾಳಿಗೆ ಒಡ್ಡಿಕೊಂಡ ಮಾಡಿನ ಮೇಲೆ ಇನ್ನೂ ಬೇಗ. ಅರ್ಧ ಇಂಚು ದಪ್ಪದ ನೈಟ್ರೈಲ್ ರಬ್ಬರಿನ ನೊರೆಕೊಳವೆ ತೊಡಿಸಿದರೆ ಅದೇ ತಣಿತಕ್ಕೆ ಒಂದೂವರೆ ಗಂಟೆ ಬೇಕು. ನಷ್ಟದ ವೇಗ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ರಾತ್ರಿಯಿಡೀ ನಿಂತ ನೀರು ಹೊದಿಕೆಯಿದ್ದರೂ ತಣಿಯುತ್ತದೆ. ಆದರೆ ಐದಾರು ಮಂದಿಯ ಮನೆಯಲ್ಲಿ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಅರ್ಧ ಗಂಟೆಗೊಬ್ಬರಂತೆ ಸ್ನಾನ ನಡೆಯುವಾಗ, ಮೊದಲನೆಯವನಿಗೆ ಕಾದ ಕೊಳವೆ ಕೊನೆಯವಳವರೆಗೂ ಬೆಚ್ಚಗಿರುತ್ತದೆ. ಬರಿಮೈ ಪೈಪಿನಲ್ಲಾದರೆ ಪ್ರತಿಯೊಬ್ಬರೂ ಕೊಳವೆಯನ್ನು ಮತ್ತೆ ಕಾಯಿಸಿಯೇ ಸ್ನಾನ ಮಾಡಬೇಕು.

ಆದ್ದರಿಂದ ಹೊದಿಕೆಗಿಂತ ಮೊದಲು ಕೇಳಬೇಕಾದ್ದು ಕೊಳವೆಯ ಉದ್ದ ಮತ್ತು ಅಗಲ. ಅರ್ಧ ಇಂಚಿನ ಪೈಪು ಮೀಟರಿಗೆ 200 ಮಿಲಿಲೀಟರ್ ಮಾತ್ರ ಹಿಡಿಯುತ್ತದೆ. ಒಂದು ನಲ್ಲಿಗೆ ಹೋಗುವ ಕವಲಿಗೆ ಮುಕ್ಕಾಲು ಇಂಚು ಯಾಕೆ? 'ಧಾರಾಳವಾಗಿರಲಿ' ಎಂಬ ಪ್ಲಂಬರನ ಮಾತಿಗೆ ನಾವು ತಲೆಯಾಡಿಸಿದ್ದರಿಂದ. ಹೊಸ ಮನೆ ಕಟ್ಟುವವರು ಬಚ್ಚಲು, ಅಡುಗೆಮನೆ, ಬಾಯ್ಲರುಗಳನ್ನು ಒಂದೇ ಮೂಲೆಗೆ ತಂದರೆ ಆರು ಮೀಟರಿನಲ್ಲಿ ಕೆಲಸ ಮುಗಿಯುತ್ತದೆ. ಆಗ ನಿಲ್ಲುವ ನೀರು ಐದೂವರೆ ಲೀಟರಲ್ಲ, ಒಂದೂಕಾಲು ಲೀಟರಿಗೂ ಕಡಿಮೆ. ಪೈಪನ್ನು ಗೋಡೆಯೊಳಗೆ ಹುದುಗಿಸುವುದೇ ನಿಮ್ಮ ಇಷ್ಟವಾದರೆ ಗಾರೆ ಮೆತ್ತುವ ಮೊದಲೇ ಹೊದಿಕೆ ತೊಡಿಸಿ. ಮಳೆಗಾಲದಲ್ಲಿ ತೇವ ಕುಡಿದ ಜಂಬಿಟ್ಟಿಗೆಯ ಗೋಡೆ ಗಾಳಿಗಿಂತ ಹೆಚ್ಚು ಶಾಖ ಹೀರುತ್ತದೆ, ಗಾರೆ ಮೆತ್ತಿದ ಮೇಲೆ ಮಾಡುವಂಥದ್ದೇನೂ ಉಳಿಯುವುದಿಲ್ಲ.

ಈಗ ಆಕ್ಷೇಪಣೆಗಳು. "ಪ್ಲಾಸ್ಟಿಕ್ ಪೈಪು ಬಂದಿದೆಯಲ್ಲ, ಅದು ಶಾಖ ಬಿಡುವುದಿಲ್ಲ" ಎನ್ನುತ್ತಾರೆ. ಸಿಪಿವಿಸಿ ಕಬ್ಬಿಣಕ್ಕಿಂತ ಒಳ್ಳೆಯ ಶಾಖನಿರೋಧಕ ಎಂಬುದು ನಿಜ. ಆದರೆ ಅದರ ಗೋಡೆ ಎರಡು ಮೂರು ಮಿಲಿಮೀಟರ್ ಮಾತ್ರ. ತೆಳ್ಳನೆಯ ಪಂಚೆ ಹೊದ್ದು ಚಳಿ ಕಳೆದಂತೆ.

"ಸೂರ್ಯ ಬಿಟ್ಟಿ, ಸೋರಿದರೇನು" ಎನ್ನುವವರು ಘಟ್ಟದ ಮಳೆಗಾಲವನ್ನು ಮರೆತವರು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಟ್ಯಾಂಕನ್ನು ಕಾಯಿಸುವುದು ಅದರೊಳಗಿನ ವಿದ್ಯುತ್ ಕಾಯಿಲ್. ಬಿಸಿಲಿರುವ ದಿನದ ಲೆಕ್ಕವೂ ಹಗುರವಲ್ಲ. ನೂರು ಲೀಟರ್ ನೀರನ್ನು 35 ಡಿಗ್ರಿ ಏರಿಸುವುದೆಂದರೆ ನಾಲ್ಕು ಯುನಿಟ್ಟಿನ ದುಡಿಮೆ. ಫಲಕದಿಂದ ಟ್ಯಾಂಕಿಗೆ ಏರುವ ಮೂರು ಮೀಟರ್ ಪೈಪು ಬರಿಮೈಯಾಗಿದ್ದರೆ ಹಗಲಿನ ಐದಾರು ತಾಸಿನಲ್ಲಿ ಅರ್ಧ ಯುನಿಟ್‌ನಷ್ಟು ಅಲ್ಲೇ ಗಾಳಿಪಾಲು. ಹೊಸದರಲ್ಲಿ ಕಂಪನಿಯವರು ಅಲ್ಲಿ ಕಪ್ಪು ನೊರೆಯನ್ನು ಹಾಕಿಯೇ ಹೋಗಿರುತ್ತಾರೆ. ಬಿಸಿಲಿಗೆ ಅದು ಸೀಳಿ ಪುಡಿಯಾಗಿ ಉದುರಿದ ಮೇಲೆ ಏಣಿ ಹಾಕಿ ಹತ್ತಿ ನೋಡಿದವರೆಷ್ಟು ಜನ?

ಇನ್ನು ನಮ್ಮವರದೇ ಒಂದು ಭ್ರಮೆ. ಅಂಗಡಿಯ ನೊರೆ ಯಾಕೆ, ಹಳೆ ಕಂಬಳಿ ಸುತ್ತೋಣ, ತೆಂಗಿನ ನಾರು ಸುತ್ತೋಣ ಎಂಬ ಸ್ವದೇಶಿ ಉತ್ಸಾಹ. ಅಟ್ಟದೊಳಗಿನ ಒಣ ಜಾಗದಲ್ಲಿ ಇದು ಸರಿಯೇ. ಪೈಪಿನ ಸುತ್ತ ಹಲಗೆಯ ಪೆಟ್ಟಿಗೆ ಮಾಡಿ ಭತ್ತದ ಹೊಟ್ಟು ತುಂಬಿದರೆ ಅಂಗಡಿಯ ಸರಕಿಗೆ ಅದು ಹೆಚ್ಚೇನೂ ಸೋಲದು, ಇಲಿಯ ಕಾಟವನ್ನು ಸಹಿಸಿಕೊಳ್ಳಬೇಕಷ್ಟೆ. ಬಾಯ್ಲರಿನ ಹೊಗೆಕೊಳವೆಯ ಹತ್ತಿರ ಮಾತ್ರ ಹೊಟ್ಟು, ಬಟ್ಟೆ, ನಾರು ಯಾವುದೂ ಸಲ್ಲದು. ಹೊರಗೋಡೆಯ ಮೇಲೆ, ಆಷಾಢದ ಮಳೆಯಲ್ಲಿ ಕಂಬಳಿ ಸುತ್ತುವುದೆಂದರೆ ಕೊಳವೆಗೆ ಒದ್ದೆಬಟ್ಟೆ ಸುತ್ತಿದಂತೆ. ಹೊದಿಕೆಯಲ್ಲಿ ಶಾಖ ತಡೆಯುವುದು ನಾರಲ್ಲ, ನಾರಿನ ನಡುವೆ ಸಿಕ್ಕಿಬಿದ್ದ ಗಾಳಿ. ಆ ಗಾಳಿಯ ಜಾಗಕ್ಕೆ ನೀರು ಹೊಕ್ಕರೆ ಶಾಖ ಇಪ್ಪತ್ತು ಪಟ್ಟು ಸಲೀಸಾಗಿ ಹಾಯುತ್ತದೆ. ಹೊರಗೆ ನೊರೆಯೇ ಬೇಕು, ಅದರ ಮೇಲೆ ಮಳೆ ಬಿಸಿಲು ತಡೆಯುವ ಇನ್ನೊಂದು ಕವಚವೂ ಬೇಕು. ಈ ಕವಚ ಮಂಗಗಳಿಗೂ ಉತ್ತರ. ನಮ್ಮ ಮನೆಯ ಮೊದಲ ಹೊದಿಕೆಯನ್ನು ಮಂಗಗಳು ಎರಡೇ ದಿನದಲ್ಲಿ ಕಿತ್ತು ತೋಟದ ತುಂಬ ಹರಡಿದ್ದವು. ಈಗ ನೊರೆಯ ಮೇಲೆ ಎರಡಿಂಚಿನ ಪಿವಿಸಿ ಕೊಳವೆ ತೊಡಿಸಿದ್ದೇವೆ. ಕುಳಿತು ನೋಡಿ ಹೋಗುತ್ತವೆ.

ಸರ್ಕಾರದ ಕಡೆಗೆ ಬರೋಣ. ಗೀಸರಿನ ಮೇಲೆ ನಕ್ಷತ್ರಗಳ ಚೀಟಿ ಅಂಟಿಸುತ್ತಾರಲ್ಲ, ಅದು ಅಳೆಯುವುದು ಸುಮ್ಮನೆ ನಿಂತ ಟ್ಯಾಂಕು ದಿನಕ್ಕೆ ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂಬುದನ್ನು. ಸರಿಯಾದ ಕೆಲಸ. ಆದರೆ ಐದು ನಕ್ಷತ್ರದ ಟ್ಯಾಂಕಿಗೆ ಇಪ್ಪತ್ತು ಮೀಟರ್ ಬೆತ್ತಲೆ ಪೈಪು ಜೋಡಿಸಿದರೂ ಚೀಟಿಯ ಮೇಲಿನ ಒಂದು ನಕ್ಷತ್ರವೂ ಉದುರುವುದಿಲ್ಲ. ಕರ್ನಾಟಕ ಸರ್ಕಾರ 2007ರಲ್ಲಿ ಸೋಲಾರ್ ನೀರು ಕಾಯಿಸುವ ವ್ಯವಸ್ಥೆಯನ್ನು ಹೊಸ ಕಟ್ಟಡಗಳಿಗೆ ಕಡ್ಡಾಯ ಮಾಡಿತು, ಹಾಕಿಸಿಕೊಂಡವರಿಗೆ ಕರೆಂಟು ಬಿಲ್ಲಿನಲ್ಲಿ ರಿಯಾಯಿತಿಯೂ ಇತ್ತು. ಮಾಡಿನ ಮೇಲೆ ಯಂತ್ರವಿದೆಯೇ ಎಂದು ನೋಡಿದರು, ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆಯೇ ಎಂದು ನೋಡಲಿಲ್ಲ. ಅದೇ 2007ರಲ್ಲಿ ಕೇಂದ್ರ ಹೊರತಂದ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ ದೊಡ್ಡ ವಾಣಿಜ್ಯ ಕಟ್ಟಡಗಳಲ್ಲಿ ಬಿಸಿನೀರಿನ ಕೊಳವೆಗಳಿಗೆ ಹೊದಿಕೆ ಇರಬೇಕೆಂದು ಹೇಳಿತ್ತು. ಅಂದರೆ ಬಲ್ಲವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಯಂತ್ರಕ್ಕೆ ಸಹಾಯಧನ ಕೊಟ್ಟರೆ ಉದ್ಘಾಟನೆಗೆ ಫೋಟೊ ಸಿಗುತ್ತದೆ; ಕೊಳವೆಯ ಹೊದಿಕೆಗೆ ಟೇಪು ಕತ್ತರಿಸಲು ಯಾವ ಮಂತ್ರಿಯೂ ಬರುವುದಿಲ್ಲ.

ಪೇಟೆಯ ಒಂದು ವಿದ್ಯಾರ್ಥಿ ನಿಲಯಕ್ಕೆ ಹೋಗಿದ್ದೆ, ಹೆಸರು ಬೇಡ. ಮೂರನೆಯ ಮಾಳಿಗೆಯ ಮೇಲೆ ಸಾಲು ಸಾಲು ಸೋಲಾರ್ ಫಲಕಗಳು. ಅಲ್ಲಿಂದ ನೆಲಮಾಳಿಗೆಯ ಬಚ್ಚಲುಗಳಿಗೆ ದಪ್ಪ ಕಬ್ಬಿಣದ ಕೊಳವೆ, ಗಾಳಿ ಮಳೆಗೆ ಮೈಯೊಡ್ಡಿ ಇಳಿದಿದೆ. ಮೇಲಿನ ಮಾಳಿಗೆಯ ಹುಡುಗರಿಗೆ ಬಿಸಿನೀರು, ಕೆಳಗಿನ ಹುಡುಗರಿಗೆ ಸೋಲಾರ್ ಇದೆಯೆಂಬ ಸುದ್ದಿ. ಕೆಳಗಿನವರು ಬಕೆಟ್ಟಿನಲ್ಲಿ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುತ್ತಿದ್ದರು. ಅದರ ಅಪಾಯ ಗೊತ್ತಿದ್ದೂ ವಾರ್ಡನ್ ಕಣ್ಣು ಮುಚ್ಚಿಕೊಂಡಿದ್ದರು. ಬಡವರ ಮಕ್ಕಳು ಕರೆಂಟು ಮುಟ್ಟಿಕೊಂಡು ಸಾಯುವ ಸಾಧ್ಯತೆಯನ್ನು ಬರಿಮೈ ಕೊಳವೆಯೊಂದು ತಂದೊಡ್ಡಿದೆ ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ನಮ್ಮ ನಡುವೆ ಬೆಳೆದಿರುವ ಹೋಮ್‌ಸ್ಟೇಗಳನ್ನು ಬಿಟ್ಟರೆ ಅನ್ಯಾಯವಾದೀತು. ಅತಿಥಿ ನಲ್ಲಿ ತಿರುಗಿಸಿದ ಗಳಿಗೆಯಲ್ಲೇ ಬಿಸಿನೀರು ಬರಬೇಕೆಂದು ಕೆಲವೆಡೆ ಪಂಪಿಟ್ಟು ಕೊಳವೆಯಲ್ಲಿ ನೀರನ್ನು ಹಗಲೂ ರಾತ್ರಿ ಸುತ್ತಿಸುತ್ತಾರೆ. ಮುಕ್ಕಾಲು ಇಂಚಿನ ಬರಿಮೈ ಪೈಪು ಬಿಸಿ ನೀರಿನಲ್ಲಿ ಮೀಟರಿಗೆ ಮೂವತ್ತು ವ್ಯಾಟಿನಷ್ಟು ಶಾಖ ಸೋರುತ್ತದೆ. 40 ಮೀಟರಿನ ಸುತ್ತಾದರೆ 1,200 ವ್ಯಾಟ್. ದಿನಕ್ಕೆ ಸುಮಾರು 30 ಯುನಿಟ್, ಒಬ್ಬ ಅತಿಥಿಯೂ ಸ್ನಾನ ಮಾಡದ ದಿನವೂ. ಹೊರಗಿನ ಫಲಕದ ಮೇಲೆ 'ಪರಿಸರಸ್ನೇಹಿ' ಎಂದಿರುತ್ತದೆ. ಇವರಲ್ಲಿ ಕೆಲವರು ನಮ್ಮ ಸದಸ್ಯರು. ಕೋಪ ಬಂದರೆ ಬರಲಿ.

ನನ್ನ ಬೇಡಿಕೆಗಳು ದೊಡ್ಡವಲ್ಲ. ನೀರು ಕಾಯಿಸುವ ಯಾವುದೇ ಯಂತ್ರಕ್ಕೆ ಸಾರ್ವಜನಿಕ ಹಣ ಹೋಗುವಲ್ಲಿ ಅದರ ಕೊಳವೆ ಹೊದ್ದಿರಬೇಕು ಎಂಬ ಷರತ್ತು ಇರಲಿ. ಹಣ ಪಾವತಿಯಾಗುವ ಮುನ್ನ ಕೊನೆಯ ನಲ್ಲಿಯಲ್ಲಿ ಉಷ್ಣಮಾಪಕ ಹಿಡಿದು ನೋಡಲಿ. ಇದನ್ನು ಪಂಚಾಯಿತಿಯಿಂದ ಜಿಲ್ಲೆಯವರೆಗೆ ಬರೆದು ಕೇಳೋಣ. ಮುಂದಿನ ಅಹವಾಲು ಸಭೆಯಲ್ಲಿ ಗೀಸರಿನ ಪ್ರಶ್ನೆ ಬಂದಾಗ ನಮ್ಮ ಕೈಯಲ್ಲಿ ನಮ್ಮದೇ ಊರುಗಳ ಅಂಕಿಗಳಿರಲಿ, ಮತ್ತು ಆ ಅಂಕಿಗಳು ಮೊದಲು ನಮ್ಮ ಮನೆಗಳಿಂದಲೇ ಬರಲಿ.

ಅದಕ್ಕೆ ವಿದ್ಯಾರ್ಥಿ ಮಿತ್ರರ ನೆರವು ಬೇಕು. ಶಾಲೆಯ ಪ್ರಯೋಗಾಲಯದ ಉಷ್ಣಮಾಪಕ, ಒಂದು ಲೀಟರಿನ ಪಾತ್ರೆ, ಅಳತೆಯ ಟೇಪು. ಬೆಳಿಗ್ಗೆ ಮೊದಲ ಸ್ನಾನಕ್ಕೆ ಮುನ್ನ ನಲ್ಲಿ ತಿರುಗಿಸಿ, ಒಂದೊಂದೇ ಲೀಟರ್ ಹಿಡಿದು ಉಷ್ಣತೆ ಬರೆದುಕೊಳ್ಳಿ. 40 ಡಿಗ್ರಿ ಮುಟ್ಟುವವರೆಗೆ ಎಷ್ಟು ಲೀಟರ್ ಹೋಯಿತು ಎಂಬುದನ್ನೂ ಅರ್ಧ ಗಂಟೆ ಬಿಟ್ಟು ಎರಡನೆಯ ಸಲ ಎಷ್ಟು ಹೋಯಿತು ಎಂಬುದನ್ನೂ ದಾಖಲಿಸಿ. ಪೈಪಿನ ಉದ್ದ, ಅಗಲ, ಹೊದಿಕೆ ಇದೆಯೋ ಇಲ್ಲವೋ ಬರೆಯಿರಿ. ಹಿಡಿದ ನೀರನ್ನು ಬಸಳೆಗೆ ಹಾಕಿ.

ಮುಂದಿನ ಸಭೆಗೆ ಬರುವಾಗ ಆ ಚೀಟಿಯನ್ನು ತನ್ನಿ. ನಕ್ಕ ಹಿರಿಯರ ಮನೆಗೆ ನಾನೇ ಟೇಪು ಹಿಡಿದು ಬರುವವನಿದ್ದೇನೆ. ಅವರ ಮನೆಯ ಪೈಪು ನಮ್ಮದಕ್ಕಿಂತ ಉದ್ದ ಎಂದು ಅವರ ಸೊಸೆ ಆಗಲೇ ಹೇಳಿದ್ದಾರೆ.